ನಿಕ್ಸಿ ಟ್ಯೂಬ್ ಕೈಕೊಟ್ಟಾಗ: ಉಳಿಸುವುದೇ, ಬದಲಿಸುವುದೇ, ಸರ್ಕ್ಯೂಟನ್ನೇ ತಿದ್ದುವುದೇ?

ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ನಿಕ್ಸಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಅಂಕಿ ತೋರಿಸುವ ಟ್ಯೂಬುಗಳು, ಎಲ್‌ಇಡಿ ಅಂಕಿಗಳು ಅಗ್ಗವಾಗುತ್ತ ಬಂದ 1970ರ ದಶಕದಲ್ಲಿ ಅಳತೆಯ ಉಪಕರಣಗಳಿಂದಲೂ ಕ್ಯಾಲ್ಕುಲೇಟರುಗಳಿಂದಲೂ ಮೆಲ್ಲಗೆ ಮರೆಯಾದವು. ಇಂದು ಹವ್ಯಾಸಿಗಳ ಕೈಗೆ ಸಿಗುವವುಗಳಲ್ಲಿ ಹೆಚ್ಚಿನವು ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ ಉಗ್ರಾಣಗಳಲ್ಲಿ ಉಳಿದುಹೋಗಿದ್ದ ಐಎನ್-12, ಐಎನ್-14 ಮತ್ತು ಐಎನ್-18 ಮಾದರಿಗಳು. ಪೂರ್ವ ಜರ್ಮನಿಯ ಝಡ್566ಎಂ, ಫಿಲಿಪ್ಸ್‌ನ ಝಡ್‌ಎಂ1040 ಮುಂತಾದವು ಆಗೀಗ ಕಾಣಿಸುತ್ತವೆ. ಇಂಥ ಟ್ಯೂಬುಗಳಿಂದ ಕಟ್ಟಿದ ಗಡಿಯಾರದಲ್ಲಿ ಒಂದು ಅಂಕಿ ಅರ್ಧ ಮಾತ್ರ ಬೆಳಗಿದಾಗ, ಎರಡು ಅಂಕಿಗಳು ಒಟ್ಟಿಗೆ ಮೂಡಿದಾಗ, ಅಥವಾ ಟ್ಯೂಬ್ ಪೂರ್ತಿ ಮಂಕಾದಾಗ ನಮ್ಮ ಮುಂದೆ ಇರುವ ದಾರಿಗಳು ಮೂರು: ಇರುವ ಟ್ಯೂಬನ್ನೇ ಸರಿಪಡಿಸುವುದು, ಹೊಸ ಟ್ಯೂಬ್ ಹಾಕುವುದು, ಇಲ್ಲವೇ ಅದಕ್ಕೆ ವಿದ್ಯುತ್ತನ್ನೂ ಆಜ್ಞೆಯನ್ನೂ ಕೊಡುವ ಸರ್ಕ್ಯೂಟನ್ನು ತಿದ್ದುವುದು.

ಈ ಮೂರರಲ್ಲಿ ಟ್ಯೂಬ್ ಬದಲಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಮತ್ತು ಬಹಳ ಸಲ ಅದು ತಪ್ಪು ದಾರಿ. ಒಂದು ರೆಸಿಸ್ಟರಿನ ಬೆಲೆ ಯಾರ ಲೆಕ್ಕಕ್ಕೂ ಬರುವುದಿಲ್ಲ. 40 ಮಿಲಿಮೀಟರ್ ಎತ್ತರದ ಅಂಕಿಗಳುಳ್ಳ ಐಎನ್-18 ಟ್ಯೂಬಿನ ಬೆಲೆಯಾದರೋ ಉಳಿದ ಇಡೀ ಗಡಿಯಾರದ ಬಿಡಿಭಾಗಗಳನ್ನು ಮೀರುವುದುಂಟು. ಆದುದರಿಂದ ಸಂಶಯ ಹರಿಯಬೇಕಾದ ಕ್ರಮ ಹೀಗಿರಬೇಕು: ಮೊದಲು ಹೈ ವೋಲ್ಟೇಜ್ ಪೂರೈಕೆ, ಆಮೇಲೆ ಯಾವ ಅಂಕಿ ಬೆಳಗಬೇಕೆಂದು ಆಯ್ದು ಹೊತ್ತಿಸುವ ಡ್ರೈವರ್, ಎಲ್ಲಕ್ಕಿಂತ ಕೊನೆಯಲ್ಲಿ ಟ್ಯೂಬ್.

ಮೊದಲು ಅಳೆಯಬೇಕಾದದ್ದು

ನಿಕ್ಸಿ ಟ್ಯೂಬಿನೊಳಗೆ ಫಿಲಮೆಂಟ್, ಅಂದರೆ ಕಾಯುವ ತಂತಿ, ಇಲ್ಲ. ತೆಳುವಾದ ಜಾಲರಿಯಂಥ ಆನೋಡ್ (ಧನ ತುದಿ), ಅಂಕಿಯ ಆಕಾರದಲ್ಲಿ ಕತ್ತರಿಸಿ ಒಂದರ ಹಿಂದೊಂದು ಜೋಡಿಸಿದ ಹತ್ತು ಕ್ಯಾಥೋಡುಗಳು (ಋಣ ತುದಿಗಳು), ಸುತ್ತಲೂ ಕಡಿಮೆ ಒತ್ತಡದ ನಿಯಾನ್ ಪ್ರಧಾನವಾದ ಅನಿಲ; ಇಷ್ಟೇ ಅದರ ರಚನೆ. ಸುಮಾರು 170 ವೋಲ್ಟ್ ಸಿಕ್ಕಾಗ ಅನಿಲ ಅಯಾನೀಕರಣಗೊಂಡು ಆಯ್ದ ಕ್ಯಾಥೋಡಿನ ಸುತ್ತ ಕಿತ್ತಳೆ ಬೆಳಕು ಹೊತ್ತಿಕೊಳ್ಳುತ್ತದೆ, ಹೊತ್ತಿದ ಮೇಲೆ ಟ್ಯೂಬಿನ ಎರಡು ತುದಿಗಳ ನಡುವಿನ ವೋಲ್ಟೇಜ್ 140ರ ಆಸುಪಾಸಿಗೆ ಇಳಿಯುತ್ತದೆ. ಉಳಿದ ವೋಲ್ಟೇಜನ್ನು ಹೊರುವುದು ಆನೋಡ್ ರೆಸಿಸ್ಟರ್. ಐಎನ್-14ರ ಒಂದು ಅಂಕಿಗೆ ಗರಿಷ್ಠ ವಿದ್ಯುತ್ ಪ್ರವಾಹ 2.5 ಮಿಲಿಆಂಪಿಯರ್, ಪೂರೈಕೆ 180 ವೋಲ್ಟ್ ಎಂದಾದರೆ ರೆಸಿಸ್ಟರಿನ ಪಾಲಿಗೆ 40 ವೋಲ್ಟ್ ಬರುತ್ತದೆ, ಭಾಗಿಸಿದರೆ 16 ಕಿಲೋಓಮ್ ಸಿಗುತ್ತದೆ. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ 18 ಕಿಲೋಓಮ್ ಹಾಕಿದರೆ ಪ್ರವಾಹ 2.2ಕ್ಕೆ ನಿಂತು ಟ್ಯೂಬಿಗೂ ಸ್ವಲ್ಪ ವಿರಾಮ ಸಿಗುತ್ತದೆ. ಐಎನ್-18ಕ್ಕೆ ಬೇಕಾಗುವ ಪ್ರವಾಹ ಇನ್ನೂ ಹೆಚ್ಚು, 4ರಿಂದ 8 ಮಿಲಿಆಂಪಿಯರ್. ಐಎನ್-14ಕ್ಕೆಂದು ಬರೆದ ನಕ್ಷೆಯನ್ನು ರೆಸಿಸ್ಟರ್ ಬದಲಿಸದೆ ಅದಕ್ಕೆ ಬಳಸಿದರೆ ಅಂಕಿ ಅರ್ಧಂಬರ್ಧ ಬೆಳಗುವುದು ಖಂಡಿತ, ಮತ್ತು ಆ ತಪ್ಪಿನ ಹೊಣೆ ಟ್ಯೂಬಿನದಲ್ಲ.

ಹೀಗಾಗಿ ಯಾವ ಲಕ್ಷಣ ಕಂಡರೂ ಮೊದಲ ಅಳತೆ ಆನೋಡ್ ರೆಸಿಸ್ಟರಿನ ಎರಡು ತುದಿಗಳ ನಡುವಿನದಾಗಿರಬೇಕು. ಅಲ್ಲಿ ಸಿಕ್ಕ ವೋಲ್ಟೇಜನ್ನು ರೆಸಿಸ್ಟರಿನ ಓಮ್ ಮೌಲ್ಯದಿಂದ ಭಾಗಿಸಿದರೆ ಟ್ಯೂಬಿನಲ್ಲಿ ಹರಿಯುತ್ತಿರುವ ಪ್ರವಾಹ ತಿಳಿಯುತ್ತದೆ, ಆ ಒಂದೇ ಸಂಖ್ಯೆ ಮುಕ್ಕಾಲು ಪಾಲು ಗೊಂದಲವನ್ನು ಕಳೆಯುತ್ತದೆ. ಪ್ರವಾಹ ಕಡಿಮೆಯಿದ್ದರೆ ಬೆಳಕು ಅಂಕಿಯ ಮೈತುಂಬ ಹರಡುವುದಿಲ್ಲ. ಹೆಚ್ಚಿದ್ದರೆ ಅಂಕಿಗೆ ಸಂಬಂಧವಿಲ್ಲದ ಒಳತಂತಿಗಳೂ ಹೊಳೆಯತೊಡಗುತ್ತವೆ. ಸೋವಿಯತ್ ಟ್ಯೂಬುಗಳಲ್ಲಿ ಅಲ್ಲಲ್ಲಿ ಕಾಣುವ ನೀಲಿ ಛಾಯೆ ಕ್ಯಾಥೋಡಿನ ಸವೆತವನ್ನು ತಗ್ಗಿಸಲು ತಯಾರಕರೇ ಸೇರಿಸಿದ ಅಲ್ಪ ಪ್ರಮಾಣದ ಪಾದರಸದ್ದು. ಛಾಯೆ ತುಸುವೇ ಇದ್ದರೆ ಅದನ್ನು ದೋಷವೆಂದು ಎಣಿಸಬೇಕಿಲ್ಲ, ಗಾಢವಾಗುತ್ತ ಹೋದರೆ ಪ್ರವಾಹವನ್ನು ಇಳಿಸಬೇಕು.

ಅಳೆಯುವಾಗ ಒಂದು ಕೈ ಜೇಬಿನಲ್ಲಿರಲಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ 180 ವೋಲ್ಟ್ ಉಳಿದಿರುತ್ತದೆ. ಅದಕ್ಕೆ ಅಡ್ಡಲಾಗಿ 470 ಕಿಲೋಓಮಿನ ಒಂದು ರೆಸಿಸ್ಟರ್ ಇಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಅದು ಖಾಲಿಯಾಗುತ್ತದೆ. ಮನೆಯ 230 ವೋಲ್ಟ್ ಸಾಕೆಟ್ಟನ್ನೇ ಡಯೋಡಿನಿಂದ ಡಿಸಿ ಮಾಡಿಕೊಂಡು ಟ್ಯೂಬ್ ಪರೀಕ್ಷಿಸುವ ಸಲಹೆಯನ್ನು ಕೆಲವರು ಸಲೀಸಾಗಿ ಕೊಡುತ್ತಾರೆ. ಅದರ ತುತ್ತತುದಿ 325 ವೋಲ್ಟ್ ಆಗಿದ್ದು, ಮೈನ್ಸ್‌ನಿಂದ ನಮ್ಮನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ನಡುವೆ ಇರುವುದಿಲ್ಲವಾದ್ದರಿಂದ ಆ ಸಲಹೆಯನ್ನು ಕಿವಿಗೆ ಹಾಕಿಕೊಳ್ಳದಿರುವುದು ಲೇಸು.

ಪೂರೈಕೆ: ತಾವೇ ಕಟ್ಟಿದ್ದೇ, ಸಿದ್ಧ ಮಾಡ್ಯೂಲೇ

ಆರು ಟ್ಯೂಬುಗಳು ತಲಾ 2.5 ಮಿಲಿಆಂಪಿಯರ್ ಎಳೆದರೆ ಒಟ್ಟು 15 ಮಿಲಿಆಂಪಿಯರ್. 180 ವೋಲ್ಟಿಗೆ ಗುಣಿಸಿದರೆ 2.7 ವಾಟ್. ಈ ಮೊತ್ತ ಚಿಕ್ಕದಾಗಿ ಕಂಡರೂ 12 ವೋಲ್ಟಿನಿಂದ ಹದಿನೈದು ಪಟ್ಟು ಮೇಲೇರಿಸುವಾಗ ಪ್ರತಿಯೊಂದು ಬಿಡಿಭಾಗವೂ ತನ್ನ ದೌರ್ಬಲ್ಯವನ್ನು ತೋರಿಸುತ್ತದೆ. ಹೀಗೆ ವೋಲ್ಟೇಜ್ ಏರಿಸಲು ಎಂಸಿ34063 ಚಿಪ್ಪಿನ ಸುತ್ತ ಕಟ್ಟುವ ಬೂಸ್ಟ್ ಕನ್ವರ್ಟರ್ ಹವ್ಯಾಸಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅದು ಕೆಟ್ಟಾಗ ಕಾರಣಗಳು ಸಾಮಾನ್ಯವಾಗಿ ಎರಡೇ. ಒಂದು, ಕೈಗೆ ಸಿಕ್ಕಿತೆಂದು 1ಎನ್4007 ಡಯೋಡ್ ಹಾಕಿರುವುದು. ವೋಲ್ಟೇಜ್ ತಡೆಯುವ ಶಕ್ತಿ ಅದಕ್ಕೆ ಧಾರಾಳವಾಗಿದ್ದರೂ ಹತ್ತಾರು ಕಿಲೋಹರ್ಟ್ಸ್ ವೇಗದಲ್ಲಿ ಮುಚ್ಚಿಕೊಳ್ಳುವಷ್ಟು ಚುರುಕು ಇಲ್ಲ, ಹಾಗಾಗಿ ಬಿಸಿಯಾಗುತ್ತದೆ, ಹೊರೆ ಹೆಚ್ಚಿದಾಗ ವೋಲ್ಟೇಜ್ ಕುಸಿಯುತ್ತದೆ. ಯುಎಫ್4004ನಂಥ ವೇಗದ ಡಯೋಡ್ ಅದರ ಜಾಗಕ್ಕೆ ಬರಬೇಕು. ಎರಡು, ಸ್ವಿಚ್ಚಿನಂತೆ ಕೆಲಸ ಮಾಡುವ ಐಆರ್‌ಎಫ್740 ಮಾಸ್ಫೆಟ್‌ನ ಗೇಟನ್ನು (ಅದನ್ನು ನಿಯಂತ್ರಿಸುವ ಕಾಲನ್ನು) ಈ ಚಿಪ್ ತಾನಾಗಿ ಬೇಗ ಕೆಳಗೆಳೆಯಲಾರದು. ಗೇಟಿನ ಬಳಿ ಒಂದು ಪಿಎನ್‌ಪಿ ಟ್ರಾನ್ಸಿಸ್ಟರನ್ನು ಇಟ್ಟು ಆ ಕೆಲಸವನ್ನು ಅದಕ್ಕೆ ವಹಿಸಿದರೆ ಮಾಸ್ಫೆಟ್ ತಣ್ಣಗಿರುತ್ತದೆ.

ಸಿದ್ಧ ಮಾಡ್ಯೂಲುಗಳು ಈ ತಲೆನೋವನ್ನು ತಪ್ಪಿಸುತ್ತವೆ. ಟ್ಯೂಬುಗಳೇ ತನ್ನ ಆಸಕ್ತಿ, ಕನ್ವರ್ಟರ್ ಅಲ್ಲ ಎನ್ನುವವರಿಗೆ ನಾನು ಸಂಕೋಚವಿಲ್ಲದೆ ಮಾಡ್ಯೂಲನ್ನೇ ಸೂಚಿಸುತ್ತೇನೆ. ಆದರೆ ಅದರ ಸಣ್ಣ ತಿರುಪನ್ನು ಯಾವ ವೋಲ್ಟೇಜಿಗೆ ಹೊಂದಿಸಬೇಕೆಂಬ ಪ್ರಶ್ನೆ ಉಳಿಯುತ್ತದೆ. ಎಲ್ಲ ಟ್ಯೂಬುಗಳೂ ಬೆಳಗುತ್ತಿರುವಾಗ ಅಳೆದು 180ಕ್ಕೆ ಹೊಂದಿಸುವುದು ಉತ್ತಮ. 170ಕ್ಕೆ ಇಳಿಸಿ 12 ಕಿಲೋಓಮ್ ರೆಸಿಸ್ಟರ್ ಬಳಸಿದರೂ ಲೆಕ್ಕ ಸರಿಹೋಗುತ್ತದೆ, ಆದರೆ ಟ್ಯೂಬಿನಿಂದ ಟ್ಯೂಬಿಗೆ ಇರುವ ಸಣ್ಣ ವ್ಯತ್ಯಾಸ ಆಗ ದೊಡ್ಡದಾಗಿ ಕಾಣುತ್ತದೆ: 135 ವೋಲ್ಟಿನಲ್ಲಿ ನಿಲ್ಲುವ ಟ್ಯೂಬಿಗೆ 2.9 ಮಿಲಿಆಂಪಿಯರ್, 145ರಲ್ಲಿ ನಿಲ್ಲುವುದಕ್ಕೆ 2.1 ಸಿಗುತ್ತದೆ. ಹಾಗೆಂದು 250ಕ್ಕೆ ಏರಿಸುವುದೂ ಬೇಡ; ಕಾರಣ ಡ್ರೈವರ್ ಚಿಪ್ಪಿನಲ್ಲಿದೆ.

ಕತ್ತಲ ಕೋಣೆಯಲ್ಲಿ ಮಾತ್ರ ತಡವಾಗಿ ಹೊತ್ತಿಕೊಂಡು ಹಗಲಿನಲ್ಲಿ ಸರಿಯಾಗಿರುವ ಟ್ಯೂಬನ್ನು ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಮೊದಲ ಅಯಾನುಗಳನ್ನು ಒದಗಿಸಲು ಸುತ್ತಲಿನ ಬೆಳಕು ನೆರವಾಗುವುದರಿಂದ ಕತ್ತಲಲ್ಲಿ ನಿಯಾನ್ ಟ್ಯೂಬುಗಳಿಗೆ ತುಸು ಹೆಚ್ಚು ವೋಲ್ಟೇಜ್ ಬೇಕಾಗುವುದು ಸಹಜ. ಪೂರೈಕೆಯನ್ನು ಐದೋ ಹತ್ತೋ ವೋಲ್ಟ್ ಏರಿಸಿ, ಅದಕ್ಕೆ ತಕ್ಕಂತೆ ರೆಸಿಸ್ಟರನ್ನು ಹೆಚ್ಚಿಸಿದರೆ ಸಾಕು.

ಎರಡು ಅಂಕಿ ಒಟ್ಟಿಗೆ ಕಂಡರೆ: ಡ್ರೈವರಿನ ಆಯ್ಕೆ

ಬೇಕಾದ ಅಂಕಿಯ ಹಿಂದೆ ಇನ್ನೊಂದು ಅಂಕಿ ಮಸುಕಾಗಿ ಮೂಡುವುದನ್ನು ಹವ್ಯಾಸಿಗಳು ಘೋಸ್ಟಿಂಗ್ ಎನ್ನುತ್ತಾರೆ. ಟ್ಯೂಬ್ ಸಾಕೆಟ್ಟಿನಲ್ಲಿದ್ದರೆ ಪಕ್ಕದ ಟ್ಯೂಬಿನೊಂದಿಗೆ ಅದಲುಬದಲು ಮಾಡಿ ನೋಡಬೇಕು: ದೋಷ ಟ್ಯೂಬಿನ ಜೊತೆ ಹೋದರೆ ಟ್ಯೂಬಿನದು, ಇದ್ದಲ್ಲೇ ಉಳಿದರೆ ಡ್ರೈವರಿನದು. ಐಎನ್-12ಕ್ಕೆ ಈ ಸೌಲಭ್ಯವಿದೆ. ತಂತಿಗಳನ್ನು ನೇರವಾಗಿ ಬೋರ್ಡಿಗೆ ಬೆಸೆಯುವ ಐಎನ್-14ಕ್ಕೆ ಇಲ್ಲ. ಅಲ್ಲಿ ಕ್ಯಾಥೋಡುಗಳ ವೋಲ್ಟೇಜನ್ನು ಒಂದೊಂದಾಗಿ ಅಳೆಯಬೇಕಾಗುತ್ತದೆ. ಬೆಳಗುತ್ತಿರುವ ಕ್ಯಾಥೋಡ್ ಎರಡು-ಮೂರು ವೋಲ್ಟಿನೊಳಗೆ ಇರಬೇಕು, ಆರಿರುವವು 60ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲಿರಬೇಕು. ಆರಿರುವ ಒಂದು ಕ್ಯಾಥೋಡ್ ಮಾತ್ರ 40ಕ್ಕೆ ಇಳಿದಿದ್ದರೆ ಆ ಔಟ್‌ಪುಟ್ ಸೋರುತ್ತಿದೆ ಎಂದರ್ಥ. ಮಲ್ಟಿಮೀಟರಿನ ಕಡ್ಡಿ ತಾಗಿಸಿದ ಕೂಡಲೇ ಆ ಅಂಕಿ ಮಸುಕಾಗಿ ಮಿನುಗಿದರೆ ಗಾಬರಿಯಾಗಬೇಕಿಲ್ಲ, ಮೀಟರಿನ ಮೂಲಕ ಹರಿಯುವ ಅಲ್ಪ ಪ್ರವಾಹವೇ ಅಷ್ಟು ಮಾಡುತ್ತದೆ.

ಡ್ರೈವರುಗಳಲ್ಲಿ ಹಳೆಯದು 74141, ಅದರ ಸೋವಿಯತ್ ಜೋಡಿ ಕೆ155ಐಡಿ1. ನಾಲ್ಕು ತಂತಿಗಳಲ್ಲಿ ಬಿಸಿಡಿ ಸಂಖ್ಯೆ (ನಾಲ್ಕು ಬಿಟ್‌ಗಳಲ್ಲಿ ಬರೆದ ಒಂದು ದಶಮಾಂಶ ಅಂಕಿ) ಕೊಟ್ಟರೆ ಹತ್ತು ಔಟ್‌ಪುಟ್‌ಗಳಲ್ಲಿ ಒಂದನ್ನು ನೆಲಕ್ಕೆ ಎಳೆಯುತ್ತದೆ. ಉಳಿದವನ್ನು ಚಿಪ್ಪಿನೊಳಗಿನ ಕ್ಲ್ಯಾಂಪ್ ಸುಮಾರು 60 ವೋಲ್ಟಿಗೆ ತಡೆದು ನಿಲ್ಲಿಸುತ್ತದೆ. ಪೂರೈಕೆಯನ್ನು ಏರಿಸಬಾರದೆನ್ನುವುದು ಇದಕ್ಕಾಗಿಯೇ. ಅಂಕಿಗಳೆಲ್ಲ ಆರಿರುವ ಖಾಲಿ ಸ್ಥಿತಿಯಲ್ಲಿ 180 ವೋಲ್ಟಿನ ಆನೋಡಿಗೂ 60ರ ಕ್ಯಾಥೋಡಿಗೂ ನಡುವೆ 120 ವೋಲ್ಟ್ ಮಾತ್ರ ಇರುತ್ತದೆ, ಅದು ಟ್ಯೂಬನ್ನು ಹೊತ್ತಿಸಲಾರದು. ಪೂರೈಕೆ 250 ಆದರೆ ಅಂತರ 190 ಆಗಿ, ಆರಬೇಕಾದ ಟ್ಯೂಬ್ ಆರುವುದೇ ಇಲ್ಲ, ಆ ಪ್ರವಾಹವನ್ನೆಲ್ಲ ಚಿಪ್ಪಿನ ಕ್ಲ್ಯಾಂಪ್ ಹೊರಬೇಕಾಗುತ್ತದೆ. ಟಿಟಿಎಲ್ ಜಾತಿಯ ಚಿಪ್ ಆದ್ದರಿಂದ 2 ವೋಲ್ಟ್ ಮೀರಿದ್ದನ್ನೆಲ್ಲ ಅದು ಒಂದು ಎಂದೇ ಓದುತ್ತದೆ, ಹಾಗಾಗಿ 3.3 ವೋಲ್ಟಿನ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿನಿಂದಲೂ ನೇರವಾಗಿ ನಡೆಸಬಹುದು. ಅಂಕಿಗಳು ಗೊತ್ತುಗುರಿಯಿಲ್ಲದೆ ಜಿಗಿಯುತ್ತಿದ್ದರೆ ಪ್ರತಿ ಚಿಪ್ಪಿನ 5 ವೋಲ್ಟ್ ಕಾಲಿನ ಬಳಿ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇದೆಯೇ ಎಂದು ಮೊದಲು ನೋಡಬೇಕು. ಬೂಸ್ಟ್ ಕನ್ವರ್ಟರಿನ ಗಲಾಟೆ ಅಲ್ಲಿಂದಲೇ ಒಳನುಗ್ಗುವುದು.

ಎರಡನೆಯ ದಾರಿ ಬಿಡಿ ಟ್ರಾನ್ಸಿಸ್ಟರುಗಳದು. 300 ವೋಲ್ಟ್ ತಡೆಯುವ ಎಂಪಿಎಸ್‌ಎ42 ಇಲ್ಲಿ ಸರಿಯಾದ ಆಯ್ಕೆ, ಮತ್ತು ದೋಷ ಹುಡುಕುವವರಿಗೆ ಇದರಷ್ಟು ಅನುಕೂಲವಾದದ್ದು ಬೇರೆ ಇಲ್ಲ: ಒಂದು ಅಂಕಿ ಕೆಟ್ಟರೆ ಒಂದೇ ಟ್ರಾನ್ಸಿಸ್ಟರನ್ನು ಬಿಚ್ಚಿ ಬದಲಿಸಿದರಾಯಿತು. ತೊಂದರೆ ಹುಟ್ಟುವುದು ಅದರ ಬದಲು ಬಿಸಿ547 ಬಳಸಿದಾಗ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆ ಊರಿನ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾಗಲಿ ಹಿಡಿಗಟ್ಟಲೆ ಸಿಗುವ ಆ ಟ್ರಾನ್ಸಿಸ್ಟರಿನ ಮಿತಿ 45 ವೋಲ್ಟ್. ಆರಿರಬೇಕಾದಾಗಲೂ ಅದರಲ್ಲಿ ಪ್ರವಾಹ ಸೋರಿ ಅಂಕಿಗಳ ಸುತ್ತ ಮಂಜಿನಂಥ ಬೆಳಕು ಮೂಡುತ್ತದೆ. 50 ವೋಲ್ಟ್ ಮಿತಿಯ ಯುಎಲ್‌ಎನ್2003ರ ಕಥೆಯೂ ಇದೇ.

ಮೂರನೆಯದು ಎಚ್‌ವಿ5622ನಂಥ ಹೈ ವೋಲ್ಟೇಜ್ ಶಿಫ್ಟ್ ರಿಜಿಸ್ಟರ್, ಅಂದರೆ ಒಂದೇ ತಂತಿಯಲ್ಲಿ ಸಾಲಾಗಿ ಬರುವ ಆಜ್ಞೆಗಳನ್ನು ಹಲವು ಔಟ್‌ಪುಟ್‌ಗಳಿಗೆ ಹಂಚುವ ಚಿಪ್. ಒಂದೊಂದರಲ್ಲಿ 32 ಔಟ್‌ಪುಟ್. ಆರು ಟ್ಯೂಬುಗಳ ಅರವತ್ತು ಅಂಕಿಗಳಿಗೆ ಎರಡು ಚಿಪ್ಪುಗಳು ಸಾಕು, ಉಳಿದ ನಾಲ್ಕು ಔಟ್‌ಪುಟ್‌ಗಳು ನಡುವಿನ ಚುಕ್ಕೆಗಳ ನಿಯಾನ್ ಬಲ್ಬುಗಳಿಗೆ ಸರಿಯಾಗಿ ಹೊಂದುತ್ತವೆ. ಅದೇ ಕೆಲಸಕ್ಕೆ ಆರು ಕೆ155ಐಡಿ1, ಅವುಗಳ ಇಪ್ಪತ್ತನಾಲ್ಕು ಇನ್‌ಪುಟ್‌ಗಳಿಗೆ ಮೂರು 74ಎಚ್‌ಸಿ595 ಬೇಕಾಗುವುದನ್ನು ನೆನೆದರೆ ಬೋರ್ಡ್ ಎಷ್ಟು ಸರಳವಾಗುತ್ತದೆಂದು ತಿಳಿಯುತ್ತದೆ. ಆದರೆ ಈ ಚಿಪ್ಪಿನ ತರ್ಕಭಾಗ ನಡೆಯುವುದು 12 ವೋಲ್ಟಿನಲ್ಲಿ. 5 ವೋಲ್ಟಿನ ಆರ್ಡುಯಿನೋ ಬೋರ್ಡಿನ ತಂತಿಗಳನ್ನು, ಸಂಕೇತದ ವೋಲ್ಟೇಜ್ ಏರಿಸುವ ಲೆವೆಲ್ ಶಿಫ್ಟರ್ ಇಲ್ಲದೆ ನೇರವಾಗಿ ಕೊಟ್ಟಾಗ ಕೆಲವು ಹೊತ್ತು ಸರಿಯಾಗಿ, ಕೆಲವು ಹೊತ್ತು ಅಡ್ಡಾದಿಡ್ಡಿಯಾಗಿ ನಡೆಯುವುದರಿಂದ ಕಾರಣ ಹುಡುಕುವವರ ತಾಳ್ಮೆ ಕೆಡುತ್ತದೆ. ಹೊಸದಾಗಿ ಬೋರ್ಡ್ ವಿನ್ಯಾಸ ಮಾಡುವವರಿಗೆ ಇದು ಒಳ್ಳೆಯ ಆಯ್ಕೆ. ಈಗಾಗಲೇ ನಡೆಯುತ್ತಿರುವ ಗಡಿಯಾರದಲ್ಲಿ ಒಂದು ಕೆ155ಐಡಿ1 ಕೆಟ್ಟಿತೆಂದು ಇದಕ್ಕೆ ಹಾರುವುದು ಇಲಿ ಹಿಡಿಯಲು ಮನೆಗೆ ಬೆಂಕಿ ಇಟ್ಟಂತೆ.

ಮಲ್ಟಿಪ್ಲೆಕ್ಸಿಂಗ್ (ಒಂದೇ ಡ್ರೈವರಿನಿಂದ ಟ್ಯೂಬುಗಳನ್ನು ಸರದಿಯಂತೆ ಬೆಳಗಿಸುವುದು) ಬೇಕೇ ಬೇಡವೇ ಎಂಬುದೂ ಡ್ರೈವರಿನ ಪ್ರಶ್ನೆಯೇ. ಒಂದೇ ಕೆ155ಐಡಿ1 ಇಟ್ಟುಕೊಂಡು, ಎಂಪಿಎಸ್‌ಎ92 ಟ್ರಾನ್ಸಿಸ್ಟರಿನಿಂದಲೋ ಟಿಎಲ್‌ಪಿ627 ಆಪ್ಟೋಕಪ್ಲರಿನಿಂದಲೋ ಆರು ಆನೋಡುಗಳನ್ನು ಸರದಿಯಂತೆ ಹೊತ್ತಿಸಿದರೆ ಬಿಡಿಭಾಗಗಳು ಉಳಿಯುತ್ತವೆ ನಿಜ. ಆದರೆ ಪ್ರತಿ ಟ್ಯೂಬೂ ಆರನೇ ಒಂದು ಭಾಗದಷ್ಟು ಹೊತ್ತು ಮಾತ್ರ ಬೆಳಗುವುದರಿಂದ ಅದೇ ಪ್ರಕಾಶಕ್ಕೆ ಕ್ಷಣಿಕ ಪ್ರವಾಹವನ್ನು ಹಲವು ಪಟ್ಟು ಏರಿಸಬೇಕು. ಒಂದು ಟ್ಯೂಬ್ ಆರಿ ಮುಂದಿನದು ಹೊತ್ತುವ ನಡುವೆ ಅನಿಲ ಶಾಂತವಾಗಲು ನೂರು ಮೈಕ್ರೋಸೆಕೆಂಡಾದರೂ ಬಿಡುವು ಕೊಡಬೇಕು, ಇಲ್ಲದಿದ್ದರೆ ಹಿಂದಿನ ಟ್ಯೂಬಿನ ಅಂಕಿ ಮುಂದಿನದರಲ್ಲಿ ಇಣುಕುತ್ತದೆ. ಘೋಸ್ಟಿಂಗ್ ಕಾಣುವ ಗಡಿಯಾರ ಮಲ್ಟಿಪ್ಲೆಕ್ಸ್ ಆಗಿದ್ದರೆ ಮೊದಲು ಪ್ರೋಗ್ರಾಮಿನಲ್ಲಿ ಈ ಬಿಡುವನ್ನು ಹೆಚ್ಚಿಸಿ ನೋಡಬೇಕು, ಬೆಸುಗೆ ಕಡ್ಡಿಯನ್ನು ಆಮೇಲೆ ಬಿಸಿಮಾಡಿದರೆ ಸಾಕು. ಹೊಸದಾಗಿ ಕಟ್ಟುವುದಾದರೆ, ಟ್ಯೂಬುಗಳು ಇನ್ನು ಮುಂದೆ ದುಬಾರಿಯಾಗುವವೇ ಹೊರತು ಅಗ್ಗವಾಗುವವಲ್ಲವಾದ್ದರಿಂದ, ನೇರ ಚಾಲನೆಯನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಅರ್ಧ ಬೆಳಗುವ ಅಂಕಿ: ಚಿಕಿತ್ಸೆಯೇ, ಬದಲಿಯೇ

ಪ್ರವಾಹ ಸರಿಯಿದೆ, ಡ್ರೈವರ್ ಸರಿಯಿದೆ, ಆದರೂ ಒಂದು ಅಂಕಿಯ ಮೇಲ್ಭಾಗವೋ ಕೆಳಭಾಗವೋ ಕಪ್ಪಾಗಿದೆ ಎಂದಾದಾಗ ಮಾತ್ರ ಟ್ಯೂಬಿನ ಕಡೆ ತಿರುಗಬೇಕು. ಇದು ಕ್ಯಾಥೋಡ್ ಪಾಯ್ಸನಿಂಗ್. ಬೆಳಗುವ ಅಂಕಿಯಿಂದ ಸಿಡಿಯುವ ಲೋಹದ ಕಣಗಳು ಪಕ್ಕದ, ಬಹುಕಾಲ ಬೆಳಗದ ಅಂಕಿಗಳ ಮೇಲೆ ಕುಳಿತು ಪದರಗಟ್ಟುತ್ತವೆ. ಗಡಿಯಾರದಲ್ಲಿ ಗಂಟೆಯ ಮೊದಲ ಸ್ಥಾನಕ್ಕೆ ಇದರ ಕಾಟ ಹೆಚ್ಚು, ಏಕೆಂದರೆ ಅಲ್ಲಿ 3ರಿಂದ 9ರವರೆಗಿನ ಅಂಕಿಗಳಿಗೆ ಎಂದೂ ಸರದಿ ಬರುವುದಿಲ್ಲ. ಅಂಥ ಟ್ಯೂಬನ್ನು ಸೆಕೆಂಡಿನ ಸ್ಥಾನಕ್ಕೆ ತಂದ ದಿನ ದೋಷ ಬಯಲಾಗುತ್ತದೆ.

ಚಿಕಿತ್ಸೆ ಸರಳ: ಕೆಟ್ಟ ಅಂಕಿಯನ್ನು ಮಾತ್ರ ಬೆಳಗಿಸಿ, ಪ್ರವಾಹವನ್ನು ಮೊದಲು ಗರಿಷ್ಠ ಮಿತಿಗೆ, ಬಳಿಕ ಹಂತಹಂತವಾಗಿ ಅದರ ಒಂದೂವರೆ ಅಥವಾ ಎರಡು ಪಟ್ಟಿಗೆ ಏರಿಸಿ ಗಂಟೆಗಟ್ಟಲೆ ಬಿಡುವುದು. ಐಎನ್-14ರಲ್ಲಿ ಇದು 4ರಿಂದ 5 ಮಿಲಿಆಂಪಿಯರ್ ಆಗುತ್ತದೆ. ಪದರ ಕರಗುತ್ತ ಬಂದಂತೆ ಬೆಳಕು ಅಂಕಿಯ ಮೇಲೆ ಹರಡುವುದು ಕಣ್ಣಿಗೇ ಕಾಣುತ್ತದೆ. ಕೆಲವಕ್ಕೆ ಒಂದು ರಾತ್ರಿ, ಕೆಲವಕ್ಕೆ ಹಲವು ದಿನ ಬೇಕಾಗಬಹುದು. ಒಳತಂತಿಗಳು ಹೊಳೆಯತೊಡಗಿದರೆ ಅಥವಾ ಗಾಜು ಕೈಗೆ ಸುಡುವಷ್ಟಾದರೆ ಪ್ರವಾಹವನ್ನು ಇಳಿಸಬೇಕು, ಏಕೆಂದರೆ ಈ ಚಿಕಿತ್ಸೆಯಲ್ಲೂ ಕಣಗಳು ಸಿಡಿಯುತ್ತವೆ, ಅವು ಬೇರೆ ಅಂಕಿಗಳ ಮೇಲೆ ಕೂರುತ್ತವೆ. ಗುಣವಾದ ಮೇಲೆ ದಿನಕ್ಕೆ ಕೆಲವು ಸಲ ಎಲ್ಲ ಅಂಕಿಗಳೂ ಸರಸರನೆ ಓಡುವಂತೆ ಪ್ರೋಗ್ರಾಮಿನಲ್ಲಿ ಏರ್ಪಾಡು ಮಾಡಿದರೆ ರೋಗ ಮರುಕಳಿಸುವುದು ತಡವಾಗುತ್ತದೆ.

ಚಿಕಿತ್ಸೆಗೆ ಬಗ್ಗದ ಟ್ಯೂಬನ್ನು ಗುರುತಿಸುವುದೂ ಅಷ್ಟೇ ಮುಖ್ಯ. ಪ್ರವಾಹ ಏರಿಸಿದಾಗ ಬೆಳಗುವ ಭಾಗ ತುಸುವಾದರೂ ಬೆಳೆದರೆ ಆಸೆಯಿದೆ. ಇಡೀ ಅಂಕಿ ಎಷ್ಟು ಏರಿಸಿದರೂ ಮೌನವಾಗಿದ್ದರೆ, ಸಾಕೆಟ್ಟಿನ ಸಂಪರ್ಕವೂ ಸರಿಯಿದ್ದರೆ, ಒಳಗಿನ ಬೆಸುಗೆ ಬಿಟ್ಟಿದೆ, ಬದಲಿಸದೆ ಗತಿಯಿಲ್ಲ. ಐಎನ್-12ರಲ್ಲಿ ಈ ತೀರ್ಮಾನಕ್ಕೆ ಮುನ್ನ ಕಾಲುಗಳ ಮೇಲಿನ ಕಿಲುಬನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ನೋಡಲೇಬೇಕು. ಟ್ಯೂಬ್ ಪೂರ್ತಿ ಕತ್ತಲಾಗಿದ್ದರೆ ಗಾಳಿ ಒಳಹೊಕ್ಕಿರಬಹುದು. ಆಟಿಕೆಯ ಪ್ಲಾಸ್ಮಾ ಗೋಳದ ಬಳಿ ಹಿಡಿದಾಗ ಒಳ್ಳೆಯ ಟ್ಯೂಬ್ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತದೆ. ಗಾಳಿ ಹೊಕ್ಕದ್ದು ನೇರಳೆ ಛಾಯೆ ತೋರಿಸುತ್ತದೆ ಅಥವಾ ಏನನ್ನೂ ತೋರಿಸುವುದಿಲ್ಲ. ಇದಕ್ಕೆ ಮದ್ದಿಲ್ಲ. ಐಎನ್-14ರಲ್ಲಿ ಇಂಥ ಸೋರಿಕೆ ನಮ್ಮ ಕೈಯಿಂದಲೇ ಆಗುವುದುಂಟು: ತಂತಿಯನ್ನು ಗಾಜಿಗೆ ಅಂಟಿದಲ್ಲೇ ಬಗ್ಗಿಸಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಗಾಜಿಗೂ ಬಾಗುವ ಜಾಗಕ್ಕೂ ನಡುವೆ ಇಕ್ಕಳದಿಂದ ಹಿಡಿದುಕೊಂಡು ಬಗ್ಗಿಸಬೇಕು.

ಅಂದಹಾಗೆ, ಐಎನ್-12 ಮತ್ತು ಐಎನ್-14ರಲ್ಲಿ 5 ವಿಚಿತ್ರವಾಗಿ ಕಾಣುತ್ತದೆಂದು ದೂರುವವರಿಗೆ: ಅದು ದೋಷವಲ್ಲ, ತಯಾರಕರು 2ರ ಅಚ್ಚನ್ನೇ ತಲೆಕೆಳಗಾಗಿಸಿ ಬಳಸಿದ್ದಾರೆ. ಟ್ಯೂಬ್ ಬದಲಿಸಿದರೂ ಅದೇ 5 ಬರುತ್ತದೆ.

ಬದಲಿಸುವುದಾದರೆ ಯಾವುದಕ್ಕೆ

ಅದೇ ಮಾದರಿಯ ಹಳೆಯ ದಾಸ್ತಾನು ಸಿಗುವವರೆಗೆ ಅದೇ ಉತ್ತಮ. ಐಎನ್-12 ಈಗಲೂ ಕೈಗೆಟಕುವ ಬೆಲೆಯಲ್ಲಿದೆ. ಕೊಳ್ಳುವಾಗ ಒಂದೆರಡು ಹೆಚ್ಚಾಗಿಯೇ ತರಿಸಿಕೊಳ್ಳಬೇಕು. ಐಎನ್-12ಎ ಮತ್ತು ಐಎನ್-12ಬಿ ಎರಡೂ ಒಂದೇ ಸಾಕೆಟ್ಟಿಗೆ ಕೂರುತ್ತವೆ, ದಶಮಾಂಶ ಚಿಹ್ನೆ ಇರುವುದು ಎರಡನೆಯದರಲ್ಲಿ ಮಾತ್ರ. ದೊಡ್ಡ ಗಾತ್ರದ, ಹೊಸದಾಗಿ ಗಾಜು ಊದಿ ತಯಾರಿಸಿದ ಟ್ಯೂಬೇ ಬೇಕೆಂದರೆ ಝೆಕ್ ಗಣರಾಜ್ಯದಲ್ಲಿ ಡಾಲಿಬೋರ್ ಫಾರ್ನಿ ಅವರ ಕಾರ್ಯಾಗಾರ ಪೂರ್ವ ಜರ್ಮನಿಯ ಝಡ್568ಎಂ ಮಾದರಿಯನ್ನು ಮತ್ತೆ ತಯಾರಿಸುತ್ತಿದೆ; ಬೆಲೆ ಮಾತ್ರ ಕೈಕೆಲಸದ ವಸ್ತುವಿನದು.

180 ವೋಲ್ಟ್ ಮನೆಯಲ್ಲಿ ಬೇಡವೇ ಬೇಡ ಎನ್ನುವವರಿಗೆ, ಅಥವಾ ಮಕ್ಕಳ ಕೈಗೆಟಕುವಲ್ಲಿ ಇಡಬೇಕಾದವರಿಗೆ, ಬೇರೆ ಜಾತಿಗೇ ಹೋಗುವ ದಾರಿಯಿದೆ. ಜಪಾನಿನ ಇಸೆ ಕಂಪನಿಯಲ್ಲಿ 1960ರ ದಶಕದಲ್ಲಿ ಹುಟ್ಟಿದ ವಿಎಫ್‌ಡಿ (ವ್ಯಾಕ್ಯೂಮ್ ಫ್ಲೋರೆಸೆಂಟ್ ಡಿಸ್‌ಪ್ಲೇ) ಟ್ಯೂಬುಗಳ ಸೋವಿಯತ್ ರೂಪ ಐವಿ-11 ಹಸಿರುನೀಲಿ ಬೆಳಕು ಕೊಡುತ್ತದೆ, 1.5 ವೋಲ್ಟಿನ ಫಿಲಮೆಂಟ್, ಆನೋಡಿಗೂ ಗ್ರಿಡ್ಡಿಗೂ 25 ವೋಲ್ಟ್ ಸಾಕು, ಹಾಗಾಗಿ ಡ್ರೈವರ್ ಆಯ್ಕೆ ಬಹಳ ಸುಲಭವಾಗುತ್ತದೆ. ಇದರ ದೋಷ ಪರೀಕ್ಷೆಯೂ ಸುಲಭ: ಗಾಜಿನ ಒಳಗೆ ಬೆಳ್ಳಿಯಂತೆ ಹೊಳೆಯುವ, ಉಳಿದ ಅನಿಲವನ್ನು ಹೀರಿಕೊಳ್ಳುವ ಗೆಟರ್ ಲೋಹದ ಕಲೆ ಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ, ಕತ್ತಲಲ್ಲಿ ಫಿಲಮೆಂಟ್ ಕಿತ್ತಳೆಯಾಗಿ ಎದ್ದು ಕಂಡರೆ ವೋಲ್ಟೇಜ್ ಹೆಚ್ಚಾಗಿದೆ.

ಅದಕ್ಕಿಂತಲೂ ಸರಳವಾದದ್ದು ನ್ಯೂಮಿಟ್ರಾನ್. ಆರ್‌ಸಿಎ ಕಂಪನಿ 1970ರಲ್ಲಿ ತಂದ ಈ ಬಗೆಯಲ್ಲಿ ಏಳು ಗೆರೆಗಳೂ ಸಣ್ಣ ಬಲ್ಬಿನ ತಂತಿಗಳೇ. ಸೋವಿಯತ್ ಐವಿ-9ರ ಒಂದು ಗೆರೆಗೆ 3ರಿಂದ 4.5 ವೋಲ್ಟಿನಲ್ಲಿ ಸುಮಾರು 20 ಮಿಲಿಆಂಪಿಯರ್ ಸಾಕು. ಇಲ್ಲಿ ಬಿಸಿ547 ಕೂಡ ನಡೆಯುತ್ತದೆ, ಯುಎಲ್‌ಎನ್2003 ಕೂಡ. ಒಂದು ಗೆರೆ ಬೆಳಗದಿದ್ದರೆ ಮಲ್ಟಿಮೀಟರಿನ ಕಂಟಿನ್ಯೂಟಿ ಪರೀಕ್ಷೆಯೇ ತೀರ್ಪು ಹೇಳುತ್ತದೆ. ಡ್ರೈವರಿನಿಂದ ಕಾಲುಗಳನ್ನು ಬಿಡಿಸಿದ ಮೇಲೂ ತಂತಿ ತುಂಡಾಗಿದೆಯೆಂದು ಮೀಟರ್ ತೋರಿಸಿದರೆ ಟ್ಯೂಬ್ ಹೋಯಿತು. ಇಲ್ಲವಾದರೆ ಡ್ರೈವರಿನ ಆ ಒಂದು ಔಟ್‌ಪುಟ್ಟನ್ನು ನೋಡಬೇಕು.